ಗೋಲಿ ಸೋಡದ ಕತೆ ಸೊಗಸಾಗಿದೆ, ತಾರೀಖು ಮಾತ್ರ ಕೂಡುವುದಿಲ್ಲ

ಮಾನ್ಯ ಲೇಖಕರೇ,

ನಮಸ್ಕಾರ. ನಿಮ್ಮ ‘ಗೋಲಿ ಸೋಡದಿಂದ ಹುಟ್ಟಿದ ಬೈಗುಳ’ ಲೇಖನವನ್ನು ನಮ್ಮಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿದೆವು. ಇಬ್ಬರ ಅಭಿಪ್ರಾಯವೂ ಒಂದೇ: ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ವೀಕೃತವಾಗಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಲೇಖನವೂ ಇದಲ್ಲ. ಒಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ಹೊರತೆಗೆಯುವುದು ಹೇಗೆ ಎಂದು ವಿವರವಾಗಿ ಹೇಳುತ್ತೇವೆ. ಕೆಲವು ಮಾತು ಕಟುವಾಗಿ ಕಂಡರೆ ಬೇಸರಿಸಬೇಡಿ.

ನಿಮ್ಮ ವಾದ ಇಷ್ಟು. ಬ್ರಿಟನ್ನಿನವರು ಹುರುಳಿಲ್ಲದ ಮಾತಿಗೆ ‘ಕಾಡ್ಸ್‌ವಾಲಪ್’ ಎನ್ನುತ್ತಾರೆ. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬಾತ ಗೋಲಿ ಇರುವ ಸೋಡ ಬಾಟಲಿ ರೂಪಿಸಿದ. ಬಿಯರಿಗೆ ಆಡುಮಾತಿನಲ್ಲಿ ‘ವಾಲಪ್’ ಎಂಬ ಹೆಸರಿತ್ತು. ಬಿಯರ್ ಪ್ರಿಯರು ಅಮಲಿಲ್ಲದ ಈ ಪಾನೀಯವನ್ನು ‘ಕಾಡ್‌ನ ವಾಲಪ್’ ಎಂದು ಆಡಿಕೊಂಡರು, ಅದೇ ಮುಂದೆ ಬೊಗಳೆಗೆ ಹೆಸರಾಯಿತು. ಕೊನೆಯ ಪುಟದಲ್ಲಿ, ನಮ್ಮ ‘ಕೋಡಂಗಿ’ಯೇ ಹಡಗು ಹತ್ತಿ ಅಲ್ಲಿಗೆ ಹೋಗಿರಬಹುದೇ ಎಂದೂ ಕೇಳಿದ್ದೀರಿ.

ಮೊದಲು ಅರ್ಥ ಸರಿಮಾಡಿಕೊಳ್ಳೋಣ, ಏಕೆಂದರೆ ಶೀರ್ಷಿಕೆಯಲ್ಲೇ ತಪ್ಪಿದೆ. ಕಾಡ್ಸ್‌ವಾಲಪ್ ಬೈಗುಳವಲ್ಲ. ‘ಅವನೊಬ್ಬ ಕಾಡ್ಸ್‌ವಾಲಪ್’ ಎಂದು ನೀವು ಎರಡು ಕಡೆ ಬರೆದಿದ್ದೀರಿ, ಇಂಗ್ಲಿಷಿನಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಅದು ಮಾತಿಗೆ ಅನ್ವಯಿಸುವ ಪದ, ಮನುಷ್ಯನಿಗಲ್ಲ. ಒಬ್ಬ ಏನನ್ನೋ ಹೇಳಿದಾಗ ಇನ್ನೊಬ್ಬ ‘ಎ ಲೋಡ್ ಆಫ್ ಓಲ್ಡ್ ಕಾಡ್ಸ್‌ವಾಲಪ್’ ಎನ್ನುತ್ತಾನೆ. ಅಂದರೆ ‘ಬರೀ ಬುರುಡೆ’, ‘ಎಲ್ಲ ಬೊಗಳೆ’. ಪೆದ್ದ, ದಡ್ಡ, ಕೋಡಂಗಿ ಇವು ಬೇರೆ ಸಾಲಿನವು. ಪದ ಸೌಮ್ಯವಾದದ್ದು, ಮನೆಯಲ್ಲಿ ಹಿರಿಯರ ಎದುರು ಆಡಿದರೂ ಯಾರೂ ಹುಬ್ಬೇರಿಸುವುದಿಲ್ಲ. ಬಳಕೆ ಬಹುಮಟ್ಟಿಗೆ ಬ್ರಿಟನ್ನಿನದು, ಈಗ ಅಲ್ಲಿಯೂ ಸ್ವಲ್ಪ ಹಳೆಯ ಕಾಲದ ಮಾತಿನಂತೆ ಕೇಳಿಸುತ್ತದೆ. ಇಷ್ಟನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಪದದ ಅರ್ಥವನ್ನು ಬಿಗಿಯಾಗಿ ಹಿಡಿಯದೆ ಮೂಲ ಹುಡುಕಲು ಹೊರಟರೆ ದಾರಿ ಆರಂಭದಲ್ಲೇ ತಪ್ಪುತ್ತದೆ. ನಿಮಗೆ ಕೋಡಂಗಿ ನೆನಪಾಗಿದ್ದಕ್ಕೂ ಇದೇ ಕಾರಣ.

ಈಗ ಮುಖ್ಯ ತೊಡಕು. ಕಾಡ್ ತನ್ನ ಗೋಲಿ ಬಾಟಲಿಗೆ ಪೇಟೆಂಟ್ ಪಡೆದದ್ದು 1872ರಲ್ಲಿ, ತೀರಿಕೊಂಡದ್ದು 1887ರಲ್ಲಿ. ಕಾಡ್ಸ್‌ವಾಲಪ್ ಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕೊಡುತ್ತ ಬಂದಿರುವ ಮೊದಲ ಲಿಖಿತ ಬಳಕೆ 1959ರದು. ಬಿಬಿಸಿಯ ‘ಹ್ಯಾಂಕಾಕ್ಸ್ ಹಾಫ್ ಅವರ್’ ಎಂಬ ಹಾಸ್ಯ ಕಾರ್ಯಕ್ರಮಕ್ಕೆ ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಬರೆದ ಸ್ಕ್ರಿಪ್ಟಿನಲ್ಲಿ ಅದಿದೆ. 1872ಕ್ಕೂ 1959ಕ್ಕೂ ನಡುವೆ 87 ವರ್ಷ. ಆಡುಮಾತು ಅಚ್ಚಿಗೆ ತಡವಾಗಿ ಏರುತ್ತದೆ ಎನ್ನುವುದು ನಿಜ, ಹತ್ತಿಪ್ಪತ್ತು ವರ್ಷ ಬಾಯಲ್ಲೇ ಓಡಾಡಿದ ಪದಗಳು ಬೇಕಾದಷ್ಟಿವೆ. ಈ ಪದವೂ 1959ಕ್ಕಿಂತ ಮುಂಚೆಯೇ ಜನರ ಬಾಯಲ್ಲಿ ಇದ್ದೇ ಇರುತ್ತದೆ. ಆದರೆ ವಿಕ್ಟೋರಿಯಾ ಕಾಲದ ಇಂಗ್ಲೆಂಡ್ ಕಾಗದಕ್ಕೆ ಬರವಿದ್ದ ಸಮಾಜವಲ್ಲ. ದಿನಪತ್ರಿಕೆ, ಅಗ್ಗದ ಕಾದಂಬರಿ, ಹಾಸ್ಯಪತ್ರಿಕೆ, ಕೋರ್ಟಿನ ಹೇಳಿಕೆ, ಆಡುಮಾತಿಗೆಂದೇ ಮಾಡಿದ ನಿಘಂಟು ಎಲ್ಲವೂ ಇದ್ದವು. ಪಬ್ಬುಗಳಲ್ಲಿ ಎಲ್ಲರೂ ಆಡುತ್ತಿದ್ದ ಒಂದು ಗೇಲಿಮಾತು ಇವೆಲ್ಲದರ ಕಣ್ಣು ತಪ್ಪಿಸಿ ಎರಡು ಮಹಾಯುದ್ಧಗಳನ್ನೂ ದಾಟಿ ಬಂತು ಎಂದು ಒಪ್ಪುವುದು ಕಷ್ಟ. ನಾಳೆ ಯಾರಾದರೂ 1940ರ ಅಥವಾ 1930ರ ಒಂದು ಬಳಕೆ ತೋರಿಸಿದರೂ ಈ ಕಂದಕ ಮುಚ್ಚುವುದಿಲ್ಲ.

ಎರಡನೆಯದು ‘ವಾಲಪ್’. ಇಲ್ಲಿ ನಿಮ್ಮ ಕತೆಗೆ ಬೀಳುವ ಪೆಟ್ಟು ಇನ್ನೂ ದೊಡ್ಡದು. ಬಿಯರ್ ಎಂಬ ಅರ್ಥದಲ್ಲಿ ವಾಲಪ್ ಅಚ್ಚಿನಲ್ಲಿ ಕಾಣಿಸುವುದು 1930ರ ದಶಕದಲ್ಲಿ. ಕಾಡ್ ಬಾಟಲಿ ಹೊಸದಾಗಿ ಅಂಗಡಿಗೆ ಬಂದಾಗ ಜನ ಅದನ್ನು ‘ಕಾಡ್‌ನ ವಾಲಪ್’ ಎನ್ನಬೇಕಾದರೆ ವಾಲಪ್ಪಿಗೆ ಆಗಲೇ ಬಿಯರ್ ಎಂಬ ಅರ್ಥ ಇರಬೇಕಿತ್ತು. ಆ ಅರ್ಥ ಕಾಗದದ ಮೇಲೆ ಬರುವ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾಡ್ ಬಾಟಲಿಯ ಕಾಲವೇ ಮುಗಿಯುತ್ತ ಬಂದಿತ್ತು. 1892ರಲ್ಲಿ ವಿಲಿಯಂ ಪೇಂಟರ್ ಎಂಬ ಅಮೆರಿಕನ್ ಪೇಟೆಂಟ್ ಪಡೆದ ತಗಡಿನ ಬಿರಡೆ ಅದರ ಜಾಗ ಹಿಡಿದಿತ್ತು. ಸಂಯುಕ್ತ ಪದದ ಮೂಲ ಹೇಳುವಾಗ ಇಡೀ ಪದಕ್ಕೊಂದೇ ತಾರೀಖು ಸಾಲದು. ಅದರ ಪ್ರತಿ ತುಂಡಿಗೂ, ಆ ತುಂಡಿಗೆ ನೀವು ಹಚ್ಚುವ ಅರ್ಥಕ್ಕೂ ತಾರೀಖು ಬೇಕು. ನೀವು ಈ ಹೆಜ್ಜೆಯನ್ನು ಇಟ್ಟೇ ಇಲ್ಲ.

ಮೂರನೆಯದು ಕಾಗುಣಿತ. ಇಂಗ್ಲಿಷಿನಲ್ಲಿ ಬರೆದಾಗ ಕಾಡ್‌ನ ಹೆಸರಿನ ಕೊನೆಗೆ ‘ಡಿ’ ಅಕ್ಷರ ಎರಡು ಬಾರಿ ಬರುತ್ತದೆ. ನಿಘಂಟು ಕೊಡುವ ರೂಪಗಳಲ್ಲಿ ಒಂದೇ ಡಿ. ಇದೊಂದರಿಂದಲೇ ತೀರ್ಪು ಹೇಳಲಾಗದು, ಆಡುಮಾತಿನಲ್ಲಿ ಕಾಗುಣಿತ ಸವೆಯುವುದು ಸಹಜ. ಆದರೆ ವ್ಯಕ್ತಿಯ ಹೆಸರಿನಿಂದ ಬಂದ ಪದವಾದರೆ ಎಲ್ಲಾದರೂ ಒಂದು ಕಡೆ ಹಳೆಯ ಬರಹದಲ್ಲಿ ಆ ಎರಡು ಡಿ ಉಳಿದಿರಬೇಕಿತ್ತು. ಬಾಟಲಿಯ ಗಾಜಿನ ಮೇಲಿನ ಅಕ್ಷರಗಳನ್ನೂ ಗಮನಿಸಿ. ಕಾಡ್ ತನ್ನ ವಿನ್ಯಾಸಕ್ಕೆ ಪರವಾನಗಿ ಕೊಡುತ್ತಿದ್ದ, ಊರೂರಿನ ಸೋಡ ತಯಾರಕರು ತಮ್ಮ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಉಬ್ಬಿಸಿ ಬಾಟಲಿ ಮಾಡಿಸಿಕೊಳ್ಳುತ್ತಿದ್ದರು. ಕುಡಿಯುವವನ ಕಣ್ಣಿಗೆ ಎದ್ದು ಕಾಣುತ್ತಿದ್ದುದು ಆ ಹೆಸರು.

‘ಆಕ್ಸ್‌ಫರ್ಡ್ ನಿಘಂಟು ಇದನ್ನು ಒಪ್ಪಿದೆ’ ಎಂದು ಬರೆದಿದ್ದೀರಿ. ಒಪ್ಪಿಲ್ಲ. ಮೂಲ ತಿಳಿದಿಲ್ಲ ಎಂದೇ ಅದು ಹೇಳುತ್ತದೆ. ನಿಘಂಟು ಹೇಳದ್ದನ್ನು ನಿಘಂಟಿನ ಬಾಯಲ್ಲಿ ಇಡುವುದು ನಾವು ಯಾವ ಲೇಖಕರಿಗೂ ಬಿಟ್ಟುಕೊಡದ ತಪ್ಪು. ಬೇರೆಲ್ಲೋ ಹಾಗೆ ಬರೆದದ್ದನ್ನು ನೀವು ನಂಬಿರಬಹುದು. ಅದಕ್ಕೇ ಹೇಳುತ್ತಿರುವುದು, ನಿಘಂಟನ್ನು ಉಲ್ಲೇಖಿಸುವುದಾದರೆ ನಿಘಂಟನ್ನೇ ತೆರೆಯಬೇಕು.

ಇಂಥ ಕತೆಗಳ ಬಗ್ಗೆ ಕನ್ನಡ ಓದುಗರಿಗೆ ಹೊಸದಾಗಿ ಪಾಠ ಹೇಳಬೇಕಿಲ್ಲ. ಬೆಂದಕಾಳೂರಿನ ಕತೆ ಎಲ್ಲರಿಗೂ ಗೊತ್ತು. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರಿಗೆ ಆ ಹೆಸರೇ ಬಂತು. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ, ‘ಬೆಂಗಳೂರು’ ಎಂದು ಕೆತ್ತಿದೆ. ರಾಜನಿಗಿಂತ ಹೆಸರು ಹೆಚ್ಚುಕಡಿಮೆ 280 ವರ್ಷ ಹಿರಿಯದು. ಅಲ್ಲಿ ದಾಖಲೆ ತೀರಾ ಮೊದಲೇ ಸಿಕ್ಕಿ ಕತೆ ಬಿದ್ದುಹೋಯಿತು, ನಿಮ್ಮ ಕಾಡ್ ಕತೆ ದಾಖಲೆ ತೀರಾ ತಡವಾಗಿ ಸಿಕ್ಕಿ ಬೀಳುತ್ತದೆ. ಈ ಹೋಲಿಕೆಯನ್ನು ಲೇಖನದಲ್ಲಿ ಬಳಸಿ. ನಾಲ್ಕು ಸಾಲಿನಲ್ಲಿ ಓದುಗನಿಗೆ ವಿಧಾನ ಅರ್ಥವಾಗುತ್ತದೆ.

ಬಾಟಲಿಯ ಭಾಗ ನಿಮ್ಮ ಲೇಖನದಲ್ಲಿ ಅತ್ಯಂತ ಜೀವಂತವಾಗಿದೆ. ‘ರಬ್ಬರ್ ಒಣಗಿದ ಬಾಟಲಿ ಟಪ್ ಎನ್ನುವುದಿಲ್ಲ, ಸುಸ್ ಎನ್ನುತ್ತದೆ’ ಎಂಬ ಸಾಲನ್ನು ಖಂಡಿತ ಉಳಿಸಿಕೊಳ್ಳಿ. ಆದರೆ ಅಲ್ಲಿಯೂ ಎರಡು ತಪ್ಪು ನುಸುಳಿವೆ. ‘ಸೋಡ ತುಂಬಿದ ಮೇಲೆ ಗೋಲಿಯನ್ನು ಬಾಯಿಂದ ಒಳಕ್ಕೆ ತುರುಕುತ್ತಾರೆ’ ಎಂದಿದ್ದೀರಿ. ಗೋಲಿ ಬಾಯಿಗಿಂತ ದಪ್ಪ, ತುರುಕಲು ಆಗುವುದೇ ಇಲ್ಲ. ಬಾಟಲಿ ಮಾಡುವಾಗ ಮೊದಲು ಒಡಲು ಮತ್ತು ಕತ್ತು ತಯಾರಾಗುತ್ತವೆ, ಬಾಯಿ ಇನ್ನೂ ಅಗಲವಾಗಿರುವಾಗ ಗೋಲಿಯನ್ನು ಒಳಗೆ ಬಿಡುತ್ತಾರೆ, ಆಮೇಲೆ ಬಾಯಿಯ ಗಾಜನ್ನು ಕಾಯಿಸಿ ಕಿರಿದು ಮಾಡುತ್ತಾರೆ. ಬಾಯಿಯ ಒಳಸುತ್ತಿನ ತೋಡಿನಲ್ಲಿ ರಬ್ಬರ್ ಉಂಗುರ ಕೂರುತ್ತದೆ. ಕತ್ತಿನ ಕೆಳಗೆ ಗಾಜನ್ನು ಹಿಸುಕಿದಂತೆ ಒಂದು ಸೊಂಟ ಇರುತ್ತದೆ, ಗೋಲಿ ಒಡಲಿಗೆ ಬೀಳದಂತೆ ತಡೆಯುವುದು ಅದು. ಹೀಗಾಗಿಯೇ ಗೋಲಿ ಬೇಕಾದ ಮಕ್ಕಳು ಬಾಟಲಿಯನ್ನೇ ಒಡೆಯಬೇಕಾಗುತ್ತಿತ್ತು.

ಎರಡನೇ ತಪ್ಪು, ‘ಗೋಲಿಯ ಭಾರವೇ ಬಾಯಿ ಮುಚ್ಚುತ್ತದೆ’ ಎನ್ನುವುದು. ಬಾಟಲಿ ನೆಟ್ಟಗೆ ನಿಂತಿರುವಾಗ ಭಾರ ಗೋಲಿಯನ್ನು ಕೆಳಕ್ಕೆ ಎಳೆಯುತ್ತದೆ, ಮೇಲಕ್ಕಲ್ಲ. ಮುಚ್ಚುವುದು ಗ್ಯಾಸಿನ ಒತ್ತಡ. ಬಾಟಲಿಯನ್ನು ಯಂತ್ರದಲ್ಲಿ ತಲೆಕೆಳಗು ಮಾಡಿ ಗ್ಯಾಸಿನ ನೀರು ತುಂಬುತ್ತಾರೆ. ತಲೆಕೆಳಗಾದಾಗ ಗೋಲಿ ಬಾಯಿಯ ಕಡೆಗೆ ಉರುಳಿ ರಬ್ಬರಿನ ಮೇಲೆ ಕೂರುತ್ತದೆ, ಒಳಗಿನ ಒತ್ತಡ ಅದನ್ನು ಅಲ್ಲೇ ಅದುಮಿ ಹಿಡಿಯುತ್ತದೆ. ಆಮೇಲೆ ಬಾಟಲಿ ನೆಟ್ಟಗೆ ಮಾಡಿದರೂ ಗೋಲಿ ಬೀಳುವುದಿಲ್ಲ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಗ್ಯಾಸ್ ಸೋರುತ್ತದೆ, ಒತ್ತಡ ಇಳಿಯುತ್ತದೆ, ಗೋಲಿ ಸಡಿಲವಾಗುತ್ತದೆ, ಸೋಡ ಸಪ್ಪೆಯಾಗುತ್ತದೆ. ನಿಮ್ಮ ‘ಸುಸ್’ ಬರುವುದು ಇಲ್ಲಿಂದ. ತೆರೆಯುವಾಗ ಮರದ ತುಂಡಿನಿಂದಲೋ ಹೆಬ್ಬೆರಳಿನಿಂದಲೋ ಒತ್ತಿದರೆ ಗೋಲಿ ಸೊಂಟದವರೆಗೆ ಇಳಿಯುತ್ತದೆ. ಸುರಿಯುವಾಗ ಅದು ಮತ್ತೆ ಬಾಯಿಗೆ ಅಡ್ಡ ಬರಬಾರದಲ್ಲ, ಅದಕ್ಕೆ ಕತ್ತಿನ ಒಂದು ಪಕ್ಕದಲ್ಲಿ ಎರಡು ಗುಳಿಗಳಿರುತ್ತವೆ. ಆ ಪಕ್ಕವನ್ನು ಕೆಳಗೆ ಮಾಡಿ ಬಗ್ಗಿಸಿದರೆ ಗೋಲಿ ಗುಳಿಗಳ ಹಿಂದೆ ನಿಲ್ಲುತ್ತದೆ. ತಿರುಗಿಸಿ ಹಿಡಿದರೆ ಗೋಲಿ ಉರುಳಿ ಬಂದು ಧಾರೆ ನಿಂತುಹೋಗುತ್ತದೆ. ಪದದ ಕತೆ ಸುಳ್ಳಾದರೂ ಈ ಭಾಗ ನಿಮ್ಮ ಓದುಗರಿಗೆ ಬೇಕು. ಲಂಡನ್ನಿನಲ್ಲಿ ಹುಟ್ಟಿದ ಬಾಟಲಿ ತನ್ನ ಊರಿನಲ್ಲಿ ಹರಾಜಿನ ಹಳೆಯ ವಸ್ತುವಾಗಿದೆ. ನಮ್ಮಲ್ಲಿ ಅದರಲ್ಲಿ ಇನ್ನೂ ನಿಂಬೆ ಸೋಡ ಕುಡಿಯುತ್ತೇವೆ, ಜಪಾನಿನಲ್ಲಿ ‘ರಾಮುನೆ’ ಎಂಬ ಹೆಸರಿನಲ್ಲಿ ಮಾರುತ್ತಾರೆ.

ಕೋಡಂಗಿಯ ವಿಷಯ. ಆ ಪುಟವನ್ನು ಪೂರ್ತಿ ತೆಗೆದುಬಿಡಿ. ‘ಕಾಡ್’ ಮತ್ತು ‘ಕೋಡ್’ ಕಿವಿಗೆ ಹತ್ತಿರ ಎನ್ನುವುದು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಕೋಡಂಗಿ ನಮ್ಮದೇ ಪದ, ಮಂಗಕ್ಕೆ ಹೇಳುವ ‘ಕೋಡಗ’ದ ನೆಂಟ. ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಹುಡುಗರೂ ಕೋಡಂಗಿಗಳೇ, ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎನ್ನುವಾಗಿನ ಪೆದ್ದನೂ ಕೋಡಂಗಿಯೇ. ಆದರೆ ಅದು ವ್ಯಕ್ತಿಯನ್ನು ಹೇಳುವ ಪದ, ಕಾಡ್ಸ್‌ವಾಲಪ್ ಮಾತನ್ನು ಹೇಳುವ ಪದ. ಭಾರತದ ಪದವೊಂದು ಇಂಗ್ಲಿಷಿಗೆ ಹೋಗಿದೆ ಎನ್ನುವುದಾದರೆ ದಾರಿಯಲ್ಲಿ ಹೆಜ್ಜೆಗುರುತು ಇರಬೇಕು. ಕಂಪನಿ ಸರಕಾರದ ಕಾಲದ ಪತ್ರ, ದಿನಚರಿ, ಸೈನಿಕರ ಬರಹ ಎಲ್ಲಾದರೂ ಸಿಗಬೇಕು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಇಂಥ ಪದಗಳಿಗೆಂದೇ ಮಾಡಿದ ಕೋಶ. ಹರಟೆ, ಗಾಳಿಸುದ್ದಿ ಎಂಬ ಅರ್ಥದ ‘ಗಪ್’ ಅದರಲ್ಲಿದೆ. ಕೋಡಂಗಿಯಿಂದ ಕಾಡ್‌ಗೆ ಹೋಗುವ ದಾರಿ ಅದರಲ್ಲಿಲ್ಲ. ಕನ್ನಡದ ಕಡೆಯಿಂದ ಏನನ್ನಾದರೂ ಹೇಳುವ ಮೊದಲು 1894ರ ಕಿಟೆಲ್ ಕೋಶವನ್ನೂ ಸಾಹಿತ್ಯ ಪರಿಷತ್ತಿನ ನಿಘಂಟನ್ನೂ ತೆರೆಯುವ ರೂಢಿ ಮಾಡಿಕೊಳ್ಳಿ. ಕನ್ನಡದ ಮೇಲಿನ ನಿಮ್ಮ ಪ್ರೀತಿ ನಮಗೆ ಅರ್ಥವಾಗುತ್ತದೆ. ಆಧಾರವಿಲ್ಲದ ನಂಟು ಕಟ್ಟಿದರೆ ನಿಜವಾದ ನಂಟುಗಳನ್ನೂ ಓದುಗ ಅನುಮಾನದಿಂದ ನೋಡತೊಡಗುತ್ತಾನೆ.

ಹಾಗಾದರೆ ಮೂಲ ಗೊತ್ತಾಗಿರುವ ಪದದ ಕತೆ ಹೇಗಿರುತ್ತದೆ? ಇದೇ ಅರ್ಥದ ‘ಬಂಕಮ್’ ಪದವನ್ನು ಪಕ್ಕದಲ್ಲಿಟ್ಟು ನೋಡಿ. ಇದು ಅಮೆರಿಕದ್ದು. 1820ರ ಫೆಬ್ರವರಿಯಲ್ಲಿ ಅಲ್ಲಿನ ಪ್ರತಿನಿಧಿ ಸಭೆ ಮಿಸೌರಿಯ ಪ್ರಶ್ನೆಯನ್ನು, ಅಂದರೆ ಗುಲಾಮಗಿರಿ ಇರುವ ಪ್ರದೇಶವನ್ನು ರಾಜ್ಯವಾಗಿ ಸೇರಿಸಿಕೊಳ್ಳುವ ಪ್ರಶ್ನೆಯನ್ನು ದೀರ್ಘವಾಗಿ ಚರ್ಚಿಸಿ ಸುಸ್ತಾಗಿತ್ತು. ಸದಸ್ಯರು ಮತಕ್ಕೆ ಹಾಕಿ ಎಂದು ಕೂಗುತ್ತಿದ್ದಾಗ ನಾರ್ತ್ ಕ್ಯಾರೊಲೈನಾದ ಫೆಲಿಕ್ಸ್ ವಾಕರ್ ಮಾತಿಗೆ ಎದ್ದು ನಿಂತ. ಕೂರಿಸಲು ನೋಡಿದರೆ ಕೂರಲಿಲ್ಲ, ತಾನು ‘ಬಂಕಮ್‌ಗಾಗಿ’ ಮಾತಾಡಲೇಬೇಕು ಎಂದ. ಬಂಕಮ್ ಅವನ ಕ್ಷೇತ್ರದ ಒಂದು ಕೌಂಟಿ, ಎಡ್ವರ್ಡ್ ಬಂಕಮ್ ಎಂಬ ಸೇನಾಧಿಕಾರಿಯ ಹೆಸರಿನದು. ಸಭೆಗೆ ಬೇಡವಾದರೂ ಊರಿನವರ ಮೆಚ್ಚುಗೆಗೆಂದು ಆಡುವ ಮಾತಿಗೆ ವಾಷಿಂಗ್‌ಟನ್ನಿನಲ್ಲಿ ಅದೇ ಹೆಸರು ನಿಂತಿತು. 1828ರ ಹೊತ್ತಿಗೆ ಪತ್ರಿಕೆಯೊಂದು ಇದನ್ನು ಅಲ್ಲಿನ ರೂಢಿಯ ಮಾತು ಎಂದೇ ವಿವರಿಸುತ್ತದೆ. ಘಟನೆಗೂ ದಾಖಲೆಗೂ ಅಂತರ 8 ವರ್ಷ. ಮುಂದಿನ ಮೆಟ್ಟಿಲುಗಳೂ ಕಾಣುತ್ತವೆ. ಊರಿನ ಹೆಸರಿನ ಉದ್ದದ ಕಾಗುಣಿತ ಉಚ್ಚಾರಕ್ಕೆ ತಕ್ಕಂತೆ ಮೊಟಕಾಯಿತು, 20ನೇ ಶತಮಾನದ ಆರಂಭಕ್ಕೆ ಅದು ‘ಬಂಕ್’ ಎಂದಾಯಿತು, 1923ರಲ್ಲಿ ವಿಲಿಯಂ ವುಡ್‌ವರ್ಡ್ ತನ್ನ ಕಾದಂಬರಿಯಲ್ಲಿ ಅದಕ್ಕೊಂದು ಉಪಸರ್ಗ ಹಚ್ಚಿ, ಸುಳ್ಳನ್ನು ಬಯಲು ಮಾಡುವುದಕ್ಕೆ ‘ಡಿಬಂಕ್’ ಎಂಬ ಕ್ರಿಯಾಪದ ಮಾಡಿದ. ವ್ಯಕ್ತಿ, ಜಾಗ, ತಿಂಗಳು, ಸಂದರ್ಭ, ನಡುವಿನ ರೂಪಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಇದನ್ನು ಬರೆಯುವಾಗ ಒಂದು ಎಚ್ಚರ: ಪೆಟ್ರೋಲ್ ಬಂಕಿಗೂ ಕಾಲೇಜಿನ ಹುಡುಗರು ಕ್ಲಾಸಿಗೆ ಹೊಡೆಯುವ ಬಂಕಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡ ಓದುಗನಿಗೆ ಆ ಅನುಮಾನ ಬಂದೇ ಬರುತ್ತದೆ, ನೀವೇ ಮೊದಲು ಹೇಳಿಬಿಡಿ.

ಕಾಡ್ಸ್‌ವಾಲಪ್ಪಿಗೆ ಬೇರೆ ಸಾಧ್ಯತೆಗಳೇನೂ ಇಲ್ಲವೇ ಎಂದರೆ ಇವೆ, ಆದರೆ ಯಾವುದೂ ಸಾಬೀತಾಗಿಲ್ಲ. ‘ಕಾಡ್’ ಎಂದರೆ ಒಂದು ಮೀನು. ಹಳೆಯ ಇಂಗ್ಲಿಷಿನಲ್ಲಿ ಚೀಲ, ಕಾಯಿಯ ಸಿಪ್ಪೆ ಎಂಬ ಅರ್ಥವೂ ಇತ್ತು, ಅದರಿಂದ ಗಂಡಸಿನ ವೃಷಣಕ್ಕೂ ಆ ಮಾತು ಬಂತು. ಇವಲ್ಲದೆ ‘ಕಾಡ್’ಗೆ ಅಣಕು, ಮೋಸ ಎಂಬ ಅರ್ಥವೂ 19ನೇ ಶತಮಾನದಿಂದ ಇದೆ, ನಕಲಿ ಲ್ಯಾಟಿನ್ನಿಗೆ ಬ್ರಿಟನ್ನಿನವರು ಇಂದಿಗೂ ‘ಕಾಡ್ ಲ್ಯಾಟಿನ್’ ಎನ್ನುತ್ತಾರೆ. ‘ವಾಲಪ್’ ಮೂಲದಲ್ಲಿ ಕುದುರೆಯ ನಾಗಾಲೋಟಕ್ಕೆ ಹೇಳುವ ‘ಗ್ಯಾಲಪ್’ನ ಅಣ್ಣತಮ್ಮ, ಒಂದು ಉತ್ತರ ಫ್ರಾನ್ಸಿನ ಆಡುನುಡಿಯಿಂದ ಬಂತು, ಇನ್ನೊಂದು ಮಧ್ಯ ಫ್ರಾನ್ಸಿನ ನುಡಿಯಿಂದ. ‘ವಾರ್ಡನ್’ ಮತ್ತು ‘ಗಾರ್ಡಿಯನ್’ ಕೂಡ ಹೀಗೆಯೇ ಜೋಡಿ. ಆಮೇಲೆ ವಾಲಪ್ಪಿಗೆ ನೀರು ಕೊತಕೊತ ಕುದಿಯುವುದು, ಬಾರಿಸುವುದು ಎಂಬ ಅರ್ಥಗಳು ಸೇರಿದವು. ಇವುಗಳಲ್ಲಿ ಯಾವ ಎರಡು ಸೇರಿ ನಮ್ಮ ಪದವಾಯಿತೋ, ಅಥವಾ ಬಾಯಿತುಂಬ ಕೇಳಿಸುತ್ತದೆ ಎಂದೇ ಯಾರೋ ಜೋಡಿಸಿದರೋ, ದಾಖಲೆ ಮಾತಾಡುವುದಿಲ್ಲ. ಇದನ್ನು ಒಂದು ಪ್ಯಾರಾದಲ್ಲಿ ಹೇಳಿ, ‘ಮೂಲ ಗೊತ್ತಿಲ್ಲ’ ಎಂದು ನೇರವಾಗಿ ಬರೆಯಿರಿ. ಲೇಖನ ಅದರಿಂದ ಸೋಲುವುದಿಲ್ಲ.

ಭಾಷೆಯ ಬಗ್ಗೆ. ‘ಎನ್ನಲಾಗಿದೆ’ ಎಂಬುದು ನಿಮ್ಮಲ್ಲಿ ಹನ್ನೊಂದು ಸಲ ಬಂದಿದೆ. ಹನ್ನೊಂದು ಕಡೆಯೂ ನಾವು ಅಂಚಿನಲ್ಲಿ ‘ಯಾರು?’ ಎಂದು ಬರೆದಿದ್ದೇವೆ. ಉತ್ತರ ಸಿಕ್ಕರೆ ಹೆಸರು ಹಾಕಿ, ಸಿಗದಿದ್ದರೆ ವಾಕ್ಯ ಬಿಡಿ. ‘ಈ ಪದವು ತನ್ನ ಬೇರುಗಳನ್ನು ವಿಕ್ಟೋರಿಯಾ ಯುಗದಲ್ಲಿ ಹೊಂದಿದೆ’ ಎನ್ನುವುದು ಕನ್ನಡದ ಅಕ್ಷರದಲ್ಲಿರುವ ಇಂಗ್ಲಿಷು. ‘ಈ ಪದ ಹುಟ್ಟಿದ್ದು ವಿಕ್ಟೋರಿಯಾ ಕಾಲದಲ್ಲಿ’ ಎಂದರೆ ಸಾಕು, ಅದೂ ನಿಜವಾಗಿದ್ದರೆ. ‘ಕಾಡ್ ಅವರಿಂದ ಬಾಟಲಿಯು ಆವಿಷ್ಕರಿಸಲ್ಪಟ್ಟಿತು’ ಎನ್ನುವ ಬದಲು ‘ಬಾಟಲಿ ಮಾಡಿದವನು ಕಾಡ್’. ‘ನಾನ್‌ಸೆನ್ಸ್’ ಎಂದು ಒಂಬತ್ತು ಕಡೆ ಬಳಸಿದ್ದೀರಿ. ಬೊಗಳೆ, ಬುರುಡೆ, ಓಳು, ಅಡಗೂಲಜ್ಜಿ ಕತೆ, ರೀಲು ಇಷ್ಟೊಂದು ಪದ ಕೈಯಳತೆಯಲ್ಲಿ ಇರುವಾಗ, ಪದಗಳ ಮೇಲೇ ಬರೆಯುವ ಲೇಖನ ಅವನ್ನು ಮರೆಯಬಾರದು. ಇವುಗಳ ನಡುವಿನ ವ್ಯತ್ಯಾಸವನ್ನೂ ಗಮನಿಸಿ. ರೀಲು ಬಿಡುವವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿರುತ್ತದೆ, ಅಡಗೂಲಜ್ಜಿ ಕತೆ ಹೇಳುವವರಿಗೆ ಅದು ಗೊತ್ತಿರಬೇಕಿಲ್ಲ. ಕಾಡ್ಸ್‌ವಾಲಪ್ ಎರಡಕ್ಕೂ ಸಲ್ಲುತ್ತದೆ.

ತಿದ್ದಿ ಬರೆಯುವುದಾದರೆ ಹೀಗೆ ಮಾಡಿ. ಬಾಟಲಿಯಿಂದಲೇ ಶುರುಮಾಡಿ, ಸುಮಾರು 250 ಪದ ಸಾಕು. ಆಮೇಲೆ ಕಾಡ್ ಕತೆಯನ್ನು ಅದರ ಪೂರ್ತಿ ಸೊಗಸಿನೊಂದಿಗೆ ಹೇಳಿ, ಕುಂಟುತ್ತ ಹೇಳಬೇಡಿ. ಓದುಗ ನಂಬಿದ ಮೇಲೆ ತಾರೀಖುಗಳನ್ನು ಒಂದೊಂದಾಗಿ ಇಡಿ: 1872, 1930ರ ದಶಕ, 1959. ನಂತರ ಬೇಗೂರಿನ ಕಲ್ಲು, ಅದರ ಮೇಲೆ ಬಂಕಮ್. ಕತೆ ಏಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿತು ಎಂಬುದಕ್ಕೂ ಒಂದು ಪ್ಯಾರಾ ಕೊಡಿ. ಹೆಸರು ಹೊಂದುತ್ತದೆ, ಕೈಯಲ್ಲಿ ಹಿಡಿಯುವ ವಸ್ತುವಿದೆ, ಕಿವಿಗೆ ಸದ್ದಿದೆ, ಗ್ಯಾಸ್ ಹೋದರೆ ಒಳಗೆ ಬರೀ ನೀರು ಎಂಬ ಹೋಲಿಕೆಯೂ ಕೂಡಿಬರುತ್ತದೆ. ಒಟ್ಟು 1,100 ಪದ ಮೀರದಿರಲಿ, ಈಗಿರುವುದು 1,900. ಪ್ರತಿ ವರ್ಷಕ್ಕೂ ಪ್ರತಿ ಹೆಸರಿಗೂ ಎಲ್ಲಿ ನೋಡಿದಿರಿ ಎಂಬ ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಕೊಡಿ. ಅದನ್ನು ಅಚ್ಚು ಮಾಡುವುದಿಲ್ಲ, ನಾವು ಪರಿಶೀಲಿಸಿಕೊಳ್ಳುತ್ತೇವೆ.

ನೀವು ಕಳಿಸಿದ ಚಿತ್ರ ಎದುರಿನಿಂದ ತೆಗೆದದ್ದು, ಅದರಲ್ಲಿ ಅಂಗಡಿಯ ಹೆಸರು ಕಾಣುತ್ತದೆ, ಗುಳಿಗಳು ಕಾಣುವುದಿಲ್ಲ. ಖಾಲಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಗುಳಿ ಇರುವ ಪಕ್ಕ ಕೆಳಗೆ ಬರುವಂತೆ ಬಗ್ಗಿಸಿ, ಗೋಲಿ ಅಲ್ಲಿ ನಿಂತಿರುವುದು ಕಾಣುವ ಹಾಗೆ ಪಕ್ಕದಿಂದ ಇನ್ನೊಂದು ತೆಗೆದು ಲೇಖನದ ಜೊತೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ ಬಳಗ